ಬಿಸಿಲಿಗಿಟ್ಟ ದೋಣಿ

ನೀರು ಮೊದಲು ತಾಗಿದ್ದು ಅಂಜುಮಳ ಹಿಮ್ಮಡಿಗೆ.

ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಅಲ್ಲಿಯೂ ತಣ್ಣಗಿತ್ತು. ಬಗ್ಗಿ ನೋಡಿದರೆ, ಎರಡು ಹಲಗೆಗಳು ಕೂಡುವ ಕಡೆ ನೀರು ಸಣ್ಣ ದಾರದಂತೆ ಎದ್ದು, ಹರಡಿ, ಇನ್ನೊಂದು ದಾರವನ್ನು ಹುಡುಕಿಕೊಂಡು ಹೋಗುತ್ತಿತ್ತು.

“ತಂಬಿಗಿ ತಗೋರಿ,” ಎಂದ ಯುನುಸ, ಹಿಂದೆ ತಿರುಗದೆ. ದನಿ ಮೆತ್ತಗಿತ್ತು. ಹುಟ್ಟು ಹಾಕುವ ತೋಳು ಮಾತ್ರ ಅವಸರ ಮಾಡುತ್ತಿತ್ತು.

ಅಂಜುಮ ಮೊಗೆದು ಮೊಗೆದು ಹೊರಗೆ ಚೆಲ್ಲಿದಳು. ಚೆಲ್ಲಿದ್ದಕ್ಕಿಂತ ಹೆಚ್ಚು ಒಳಗೆ ಬರುತ್ತಿತ್ತು. ದಂಡೆ ದೂರವಿರಲಿಲ್ಲ. ಅದೇ ಕಷ್ಟ... ದೂರವಿದ್ದಿದ್ದರೆ ಅಲ್ಲಿ ನಿಂತವರ ಮುಖ ಇಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲ.

ಅಲ್ಲಿ ಯುನುಸನ ತಾಯಿ ಬೀಬಿಜಾನ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಂಜುಮಳ ತಂದೆ ಗೈಬುಸಾಬ ಆಗಲೇ ಪೈಜಾಮ ಮೊಣಕಾಲಿಗೆ ಏರಿಸಿದ್ದ. ಅವರ ಹಿಂದೆ ಅರ್ಧ ನಿಡೋಣಿ ಊರು.

ದೋಣಿ ದಂಡೆ ಮುಟ್ಟಲಿಲ್ಲ. ಸೊಂಟದಷ್ಟು ನೀರಿನಲ್ಲಿ, ಸುಸ್ತಾದ ಎಮ್ಮೆಯ ಹಾಗೆ ನಿಧಾನವಾಗಿ ಕೆಸರಿಗೆ ಕುಳಿತುಬಿಟ್ಟಿತು. ಯುನುಸ ಇಳಿದು ಕೈ ಚಾಚಿದ. ಅಂಜುಮ ಹಿಡಿದಳು. ಇಷ್ಟು ದಿನ ಒಂದೇ ಹಲಗೆಯ ಮೇಲೆ ಇಬ್ಬರೂ ಕೆಲಸ ಮಾಡಿದ್ದರು. ಕೈಗೆ ಕೈ ತಾಗಿದ್ದು ಇದೇ ಮೊದಲು. ನೀರಲ್ಲಿ ನಡೆಯುತ್ತ ಅವಳಿಗೆ ನಗು ಬರುವಂತಾಯಿತು. ಮುಳುಗಿದರೆ ಮುಳುಗಲಿ ಬಿಡು, ಇನ್ನೊಮ್ಮೆ ಮಾಡಿದರಾಯಿತು ಎಂದು ಹೇಳಬೇಕೆನಿಸಿತು.

ಅಷ್ಟರಲ್ಲಿ ದಂಡೆಯಿಂದ ಯುನುಸನ ಚಿಕ್ಕಪ್ಪ ಬುಡ್ಡೇಸಾಬನ ದನಿ ಬಂತು. “ಯುನುಸ, ದೋಣಿ ಮಾಡೀಯೋ, ಜರಡಿ ಮಾಡೀಯೋ? ಜ್ವಾಳ ಹಾಕಿ ಸಾಣಿಸೂಣು ತಗೊಂಡ ಬಾ.”

ಜನ ನಕ್ಕರು. ಕೆಟ್ಟ ನಗುವಲ್ಲ. ಆದರೆ ಯುನುಸನ ಕಿವಿ ಕೆಂಪಾದವು.

“ಕಟ್ಟಿಗಿ ಕೆಲಸದಾಗ ಏನೂ ತಪ್ಪಿಲ್ಲ ಕಾಕಾ,” ಎಂದ ಅವನು. “ಸಂದಿಗೆ ಹತ್ತಿ ತುಂಬಿದ್ದು ನಾನಲ್ಲ.”

ಅಂಜುಮ ತನ್ನ ಕೈ ಬಿಡಿಸಿಕೊಂಡಳು.

ಉಳಿದ ನೀರನ್ನು ಒಬ್ಬಳೇ ನಡೆದು ದಾಟಿದಳು. ದಂಡೆಯ ಮೇಲೆ ಯಾರ ಮುಖವನ್ನೂ ನೋಡಲಿಲ್ಲ. ತಂದೆಯ ಸ್ಕೂಟರಿನ ಹಿಂದೆ ಕುಳಿತು ವಿಜಯಪುರ ಮುಟ್ಟುವವರೆಗೂ ಒದ್ದೆ ಬಟ್ಟೆ ಗಾಳಿಗೆ ಒಣಗುತ್ತಿತ್ತು. ಆ ಒಂದು ಮಾತು ಮಾತ್ರ ಒಣಗಲಿಲ್ಲ.

*

ಅಂಜುಮಳ ಮನೆತನ ಹತ್ತಿ ಹಿಂಜುವ ಪಿಂಜಾರರದು. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅವರ ಗಾದಿ ಅಂಗಡಿ. ತಾಯಿ ತೀರಿಕೊಂಡ ಮೇಲೆ ಅಂಗಡಿ, ಮನೆ ಎರಡೂ ಅವಳ ಕೈಗೆ ಬಂದಿದ್ದವು. ಹತ್ತಿಯನ್ನು ಮುಟ್ಟಿದರೆ ಸಾಕು, ಅದು ಹೊಸದೋ, ಹಳೆ ಗಾದಿಯಿಂದ ತೆಗೆದದ್ದೋ ಎಂದು ಹೇಳುತ್ತಿದ್ದಳು.

ಯುನುಸ ಮೊದಲ ಸಲ ಅಂಗಡಿಗೆ ಬಂದಾಗ ಅವಳು ಎಲ್ಲರನ್ನೂ ಕೇಳುವಂತೆಯೇ ಕೇಳಿದ್ದಳು, ಗಾದಿ ಒಬ್ಬರಿಗೋ ಇಬ್ಬರಿಗೋ ಎಂದು. ಅವನು ತಡಬಡಿಸಿ, ಗಾದಿ ಅಲ್ಲ, ದೋಣಿ ಎಂದ. ಅವಳು ನಕ್ಕಳು. ಅವನು ನಗಲಿಲ್ಲ. ನಿಡೋಣಿಯಲ್ಲಿ ಬಾಗಿಲು, ಮಂಚ ಮಾಡುವವನು ನಾನು. ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಈಗ ಒಂದು ದೋಣಿ ಮಾಡುತ್ತಿದ್ದೇನೆ. ಹಲಗೆಗಳ ಸಂದಿಗೆ ತುಂಬಲು ಹತ್ತಿಯ ಗಟ್ಟಿ ಬತ್ತಿ ಬೇಕು ಎಂದು ವಿವರಿಸಿದ.

ಈ ಬಿಸಿಲು ನಾಡಿನಲ್ಲಿ ದೋಣಿ ಯಾಕೆ ಎಂದು ಅವಳು ಕೇಳದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತೇನೋ.

ಅವನೂರಿನ ಕೆರೆ ಅವನು ಹುಡುಗನಿದ್ದಾಗ ಬರೀ ಬಯಲು. ಆಚೆ ದಂಡೆಯ ತೋಟದ ವಸ್ತಿಯಲ್ಲಿ ಬೀಬಿಜಾನಳ ಅಕ್ಕ ಸುರೈಯಾ ಇದ್ದಳು. ಬೀಬಿಜಾನ ಸಂಜೆಗೊಮ್ಮೆ ಕೆರೆಯ ಅಂಗಳ ದಾಟಿ, ಪಲ್ಯದ ಬಟ್ಟಲು ಹಿಡಿದು, ಅಕ್ಕನ ಮನೆಗೆ ಹೋಗಿ ಬರುತ್ತಿದ್ದಳು. ಆಮೇಲೆ ಕಾಲುವೆಯ ನೀರು ಬಂತು. ಕೆರೆ ತುಂಬಿತು. ದ್ರಾಕ್ಷಿ ಚಿಗುರಿತು, ಬಾವಿಗಳಿಗೆ ಜೀವ ಬಂತು, ಊರು ಹಬ್ಬ ಮಾಡಿತು. ಅಕ್ಕ-ತಂಗಿಯ ದಾರಿ ಮಾತ್ರ ನೀರಿನ ಕೆಳಗೆ ಹೋಯಿತು. ಸುತ್ತಿ ಹೋಗಲು ಟಂಟಂ ರಿಕ್ಷಾ ಹತ್ತಬೇಕು. ಇಬ್ಬರ ಮೊಣಕಾಲೂ ಒಪ್ಪುವುದಿಲ್ಲ. ಫೋನಿನಲ್ಲಿ ಮುಖ ಕಾಣುತ್ತದಲ್ಲ ಎಂದು ಮಗ ಸಮಾಧಾನ ಹೇಳಿದರೆ ಬೀಬಿಜಾನ ಅಂದಿದ್ದಳಂತೆ, “ಮಾರಿ ಕಾಣತೈತೋ. ಆಕಿ ಮನಿ ಹೊಗಿ ವಾಸನಿ ಬರೂದಿಲ್ಲ.”

ಅಂಜುಮ ಅವತ್ತು ಬತ್ತಿಯನ್ನು ತಾನೇ ಹೊಸೆಯುವುದಾಗಿ ಹೇಳಿದಳು.

ಮದುವೆಯ ದಿನಗಳಲ್ಲಿ ಗೈಬುಸಾಬ ಹಳ್ಳಿಗಳಿಗೆ ಹೋಗಿ, ಮನೆ ಮನೆಯಲ್ಲಿ ಹಳೆಯ ಗಾದಿ ಬಿಚ್ಚಿ ಹೊಸದಾಗಿ ತುಂಬಿಕೊಡುವುದು ರೂಢಿ. ಆ ವರ್ಷ ಬಬಲೇಶ್ವರದ ಕಡೆಯ ಕೆಲಸವೆಲ್ಲ ಏನೋ ನಿಡೋಣಿಯ ಸುತ್ತಲೇ ಸಿಕ್ಕಿತು. ತಂದೆ ಓಣಿಯಲ್ಲಿ ಗಾದಿ ಹೊಲಿಯುತ್ತಿದ್ದರೆ ಮಗಳು ಬೀಬಿಜಾನಳ ಹಿತ್ತಲಿನಲ್ಲಿ ದೋಣಿ ಹೊಲಿಯುತ್ತಿದ್ದಳು. ಬತ್ತಿಯನ್ನು ಸಂದಿಗೆ ಇಟ್ಟು, ಮೊಂಡ ಉಳಿಯಿಂದ ಒತ್ತಿ, ಕಟ್ಟಿಗೆಯ ಸುತ್ತಿಗೆಯಿಂದ ಬಡಿಯಬೇಕು. ಮೆಲ್ಲಗೆ ಬಡಿದರೆ ಕೂರುವುದಿಲ್ಲ, ಜೋರಾದರೆ ಹಲಗೆ ಬಾಯಿ ಬಿಡುತ್ತದೆ.

ಯುನುಸ ಮಾತು ಕಡಿಮೆಯವನು. ಎತ್ತಿನ ಗಾಡಿಗೆ ಬಳಸುವ ಜಾಲಿಯ ಬಾಗಿದ ಕೊಂಬೆಗಳನ್ನು ಆರಿಸಿ ಪಕ್ಕೆಲುಬು ಮಾಡಿದ್ದ. ಮೈಗೆ ಹಳೆಯ ವಾಡೆ ಮನೆ ಕೆಡವಿದಾಗ ಸಿಕ್ಕ ಸಾಗವಾನಿ ಹಲಗೆ. ಎಷ್ಟೋ ಬೇಸಿಗೆಗಳಲ್ಲಿ ಒಣಗಿ ಒಣಗಿ, ಬಡಿದರೆ ತಾಳದಂತೆ ಸದ್ದು ಮಾಡುವ ಕಟ್ಟಿಗೆ. ಬಾಗಿಲು ಮಾಡುವವನಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕೃಷ್ಣಾ ದಂಡೆಯ ಕೊಲ್ಹಾರಕ್ಕೆ ಹೋಗಿ ಒಬ್ಬ ಮುದಿ ಅಂಬಿಗನಿಂದ ಅಳತೆ, ಆಕಾರ ಎಲ್ಲ ಕೇಳಿಕೊಂಡು ಬಂದಿದ್ದ.

ಒಂದು ಮಧ್ಯಾಹ್ನ ಅಂಜುಮ ಒಂದು ಸಂದಿ ಮುಗಿಸಿ, ಸರಿಯಾಗಿದೆಯೋ ನೋಡಿ ಎಂದಳು.

ಅವನು ನೋಡಲೇ ಇಲ್ಲ. ಮೇಲೆ ಡಾಂಬರು ಬಳಿದುಬಿಟ್ಟ.

“ನೋಡ್ರಿ ಅಂದ್ನಲ್ರಿ,” ಎಂದಳು ಅವಳು.

“ನಿಮ್ಮ ಕೈ ನೋಡೇನಿ,” ಎಂದ ಅವನು. “ಸಂದಿ ಯಾಕ ನೋಡಲಿ?”

ಆ ಮಾತನ್ನು ಅಂಜುಮ ಮನೆಗೆ ತಂದಳು. ಬೀಬಿಜಾನ ಒಂದು ದಿನ ಗೈಬುಸಾಬನ ಮುಂದೆ ಮದುವೆಯ ಸುದ್ದಿ ಎತ್ತಿದಾಗ, ಮಗಳು ಏನಂತಾಳೋ ಅದೇ ಎಂದು ಅವನು ಅಂದಾಗ, ಅವಳ ಉತ್ತರ ಆಗಲೇ ತಯಾರಿತ್ತು. ದೋಣಿ ನೀರಿಗೆ ಇಳಿಯಲಿ, ಬೀಬಿಜಾನ ಅಕ್ಕನನ್ನು ನೋಡಿ ಬರಲಿ, ಆಮೇಲೆ ಹೇಳೋಣ ಎಂದುಕೊಂಡಿದ್ದಳು. ಅಷ್ಟೇ.

*

ದೋಣಿಯ ಸುದ್ದಿ ಬೀಬಿಜಾನಳ ಫೋನಿನಿಂದ ಬರುತ್ತಿತ್ತು. ಅಂಜುಮ ಕೇಳುತ್ತಿರಲಿಲ್ಲ, ಬೀಬಿಜಾನ ಬಿಡುತ್ತಿರಲಿಲ್ಲ.

ಯುನುಸ ದೋಣಿಯನ್ನು ಕೆಸರಿನಿಂದ ಎಳೆದು ತಂದು, ಅಂಗಳದಲ್ಲಿ ಬೋರಲು ಹಾಕಿ ಬಿಸಿಲಿಗಿಟ್ಟಿದ್ದನಂತೆ. ಈ ನಾಡಿನಲ್ಲಿ ನೆನೆದದ್ದನ್ನು ಇನ್ನೇನು ಮಾಡುತ್ತಾರೆ? ಕಾಳು ನೆನೆದರೆ ಬಿಸಿಲಿಗೆ, ಹಾಸಿಗೆ ನೆನೆದರೆ ಬಿಸಿಲಿಗೆ. ದೋಣಿ ಗರಿಗರಿಯಾಗಿ ಒಣಗಿದ ಮೇಲೆ ಮತ್ತೆ ಡಾಂಬರು ಬಳಿದು ನೀರಿಗೆ ಇಳಿಸಿದ. ಮೊದಲಿಗಿಂತ ಬೇಗ ಮುಳುಗಿತು. ಮತ್ತೆ ಬಿಸಿಲು, ಮತ್ತೆ ಡಾಂಬರು. ಮತ್ತೆ ಅದೇ. ಈಗ ಊರಿನವರು ನೋಡಲೂ ಬರುತ್ತಿರಲಿಲ್ಲ.

ಒಂದು ದಿನ ಬೀಬಿಜಾನ ದನಿ ತಗ್ಗಿಸಿ ಹೇಳಿದಳು. “ಹತ್ತಿನ ತಗದು ಹೊಸಾದ ತುಂಬತೇನಂತ ಉಳಿ ಹಿಡದ ಕುಂತಿದ್ದ ಬೇ. ಒಂದ ಎಳಿ ಬರಲಿಲ್ಲ. ಅಷ್ಟ ಗಟ್ಟಿ ಕುಂತೈತಿ ನೀ ತುಂಬಿದ್ದು. ಉಳಿ ಒಗದು, ಅದ ಹಲಗಿ ಮ್ಯಾಲ ತಲಿ ಇಟ್ಟು ಕುಂತಬಿಟ್ಟ.”

ಫೋನ್ ಇಟ್ಟ ಮೇಲೆ ಅಂಜುಮ ಅತ್ತಳು.

ಅವನಿಗೆ ಗೊತ್ತಾಗಿದೆ... ತಪ್ಪು ನನ್ನ ಕೈಯದಲ್ಲ ಎಂದು ಗೊತ್ತಾಗಿದೆ. ಆದರೂ ಬಂದಿಲ್ಲ. ಗೊತ್ತಿಲ್ಲದೆ ಅಂದಿದ್ದರೆ ಕ್ಷಮಿಸಬಹುದಿತ್ತು. ಗೊತ್ತಾಗಿಯೂ ಸುಮ್ಮನಿರುವವನ ಜೊತೆ ಹೇಗೆ ಬದುಕುವುದು?

ಅದೇ ವಾರ ಸೋಲಾಪುರದಿಂದ ಒಂದು ಸಂಬಂಧ ಬಂತು. ಗಾದಿ ವ್ಯಾಪಾರದ ಮನೆ, ಹುಡುಗ ಸಂಭಾವಿತ. ಗೈಬುಸಾಬ ಒತ್ತಾಯ ಮಾಡಲಿಲ್ಲ. ಮೊದಲ ಮಳೆ ಮುಗಿಯುವುದರೊಳಗೆ ಹೌದೋ ಅಲ್ಲವೋ ಹೇಳಬೇಕಂತೆ ಎಂದ. ಯುನುಸನ ಹೆಸರು ಎತ್ತದೆ, ಹಳೆಯ ಮಾತಿಗೂ ಏನಾದರೂ ಒಂದು ಗತಿ ಕಾಣಿಸು ಎಂದ.

*

ಮಳೆ ಬಂತು. ವಿಜಯಪುರಕ್ಕೆ ಅಪರೂಪವಾದ ಜಡಿಮಳೆ, ಬಿಡದೆ.

ಅಂಗಡಿಯ ಹಿಂದೆ ಹತ್ತಿ ಇಡುವ ಕೋಣೆ. ಅದರ ಹಲಗೆ ಬಾಗಿಲನ್ನು ಈ ಸಲದ ಬೇಸಿಗೆಯಲ್ಲಿ ಯುನುಸನೇ ಮಾಡಿ ಕೂರಿಸಿದ್ದ, ಬತ್ತಿಯ ಋಣಕ್ಕೆ. ಅವತ್ತು ಬೆಳಿಗ್ಗೆ ಇರಚಲು ಒಳಗೆ ಬರುತ್ತದೆಂದು ಅಂಜುಮ ಬಾಗಿಲನ್ನು ಒಳಗಿನಿಂದ ಗಟ್ಟಿಯಾಗಿ ನೂಕಿ ಮುಚ್ಚಿದಳು. ಕೆಲಸ ಮುಗಿಸಿ ತೆಗೆಯಲು ಹೋದರೆ ಅದು ಅಲುಗಲೇ ಇಲ್ಲ.

ಗೈಬುಸಾಬ ಹೊರಗಿನಿಂದ ಗುದ್ದಿದ, ಒದ್ದ. ಕೊನೆಗೆ ಫೋನ್ ತೆಗೆದ. ಒಳಗಿದ್ದ ಅಂಜುಮಳಿಗೆ ತಂದೆಯ ಮಾತು ಸ್ಪಷ್ಟವಾಗಿ ಕೇಳಿತು. “ಯುನುಸ, ನೀ ಮಾಡಿದ ಬಾಗಲಾ ನನ್ನ ಮಗಳನ್ನ ಒಳಗ ಹಾಕ್ಕೊಂಡ ಕುಂತೈತಿ. ಬಂದ ಬಿಡಿಸು.”

ಅಪ್ಪಾ, ಅವನನ್ನು ಬಿಟ್ಟು ಬೇರೆ ಬಡಿಗನೇ ಇಲ್ಲವೇ ಈ ಊರಲ್ಲಿ? ಆದರೆ ಅವನು ಡಾಂಬರು ಕೊಳ್ಳಲೆಂದು ಗಾಂಧಿ ಚೌಕಕ್ಕೇ ಬಂದಿದ್ದನಂತೆ. ಬೇಡ ಎನ್ನುವಷ್ಟರಲ್ಲಿ ಬಾಗಿಲ ಆಚೆ ಚೀಲ ಇಟ್ಟ ಸದ್ದಾಯಿತು.

“ಅಂಜುಮ... ಬಾಗಲಾ ಬಿಟ್ಟು ಹಿಂದ ಸರೀರಿ.”

ಎಷ್ಟು ದಿನಗಳ ಮೇಲೆ ಆ ದನಿ! ಅವಳು ಹಿಂದೆ ಸರಿದು ಹತ್ತಿಯ ಮೂಟೆಗೆ ಒರಗಿದಳು.

ಅವನು ಉಳಿಯಿಂದ ಅಂಚನ್ನು ಕೆತ್ತತೊಡಗಿದ. ಮಳೆಗಾಲದಲ್ಲಿ ಇದೇ ತನ್ನ ಹೊಟ್ಟೆಪಾಡು, ಕಟ್ಟಿಗೆ ನೀರು ಕುಡಿದು ಉಬ್ಬುತ್ತದೆ, ಊರೆಲ್ಲ ಬಾಗಿಲು ಹೆರೆಯುವುದೇ ಕೆಲಸ ಎಂದು ತನಗೆ ತಾನೇ ಹೇಳಿಕೊಳ್ಳುವವನಂತೆ ಗೊಣಗುತ್ತಿದ್ದ. ಸುಮ್ಮನಿರಲಾರದೆ ಆಡುವ ಮಾತು ಅದು.

ಅಂಜುಮ ಕತ್ತಲಲ್ಲಿ ಬಾಗಿಲನ್ನೇ ನೋಡುತ್ತಿದ್ದಳು. ಬೇಸಿಗೆಯಲ್ಲಿ ಇದೇ ಮೂಟೆಯ ಮೇಲೆ ಕುಳಿತು ಬತ್ತಿ ಹೊಸೆಯುವಾಗ ಹಲಗೆಗಳ ನಡುವಿನಿಂದ ಬಿಸಿಲು ಬಂದು ಅವಳ ಮಡಿಲಲ್ಲಿ ಗೆರೆ ಎಳೆಯುತ್ತಿತ್ತು. ಆ ಗೆರೆಗಳು ಎಲ್ಲಿ?

ಅವಳು ಎದ್ದು ಬಂದು ಬಾಗಿಲ ಮೇಲೆ ಅಂಗೈ ಆಡಿಸಿದಳು. ಹಲಗೆ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು, ಬೆರಳಿಗೂ ತಿಳಿಯಲಿಲ್ಲ.

“ಯುನುಸ.”

ಉಳಿ ನಿಂತಿತು.

“ಬ್ಯಾಸಗ್ಯಾಗ ಈ ಹಲಗಿ ನಡುವಿಂದ ಬಿಸಲ ಒಳಗ ಬರತಿತ್ತು. ಈಗ ಒಂದ ಗೆರಿ ಬೆಳಕ ಇಲ್ಲ. ಯಾರು ಮುಚ್ಯಾರ?”

“ಯಾರೂ ಮುಚ್ಚಿಲ್ರಿ. ಕಟ್ಟಿಗಿ ಉಬ್ಬಿ...”

ಮಾತು ಅಲ್ಲೇ ನಿಂತಿತು.

“ದೋಣಿ ಎಲ್ಲೈತಿ ಈಗ?” ಎಂದು ಕೇಳಿದಳು ಅಂಜುಮ.

“ಶೆಡ್ಡಿನಾಗ. ತಗಡಿನ ಕೆಳಗ. ಮಳಿ ಹತ್ತಬಾರದಂತ ತಾಡಪತ್ರಿ ಹೊಚ್ಚೇನಿ...” ಅವನ ದನಿ ಸಣ್ಣದಾಗುತ್ತ ಹೋಯಿತು. “ಪ್ರತೀ ಸಲ ಒಣಗಿಸಿದ್ನಿ. ಒಣಗಿಸಿ ಒಣಗಿಸಿ ಸಂದಿ ನಾನ ತಗದ್ನಿ.”

ಉಳಿ ನೆಲಕ್ಕೆ ಬಿದ್ದ ಸದ್ದು. ಹೆಜ್ಜೆಗಳು ಓಣಿಯ ಕಡೆ ಓಡಿದವು. ಬೈಕ್ ಶುರುವಾಯಿತು. ಹಿಂದೆಯೇ ಗೈಬುಸಾಬನ ದನಿ, ಓಣಿಗೆಲ್ಲ ಕೇಳುವಂತೆ: “ಲೇ, ಮೊದಲ ನನ್ನ ಮಗಳನ್ನ ತಗಿಯೋ!”

ಕತ್ತಲಲ್ಲಿ ಅಂಜುಮ ಬಾಯಿ ಮುಚ್ಚಿಕೊಂಡು ನಕ್ಕಳು. ಬೇಡವೆಂದರೂ ನಗು ಬಂತು.

ಅವನು ಮರಳಿ ಬಂದು, ಹಾರೆ ಹಾಕಿ, ಬಾಗಿಲನ್ನು ಎತ್ತಿ ತೆಗೆದ. ಬೆಳಕಿನಲ್ಲಿ ಇಬ್ಬರೂ ಎದುರು ಬದುರು ನಿಂತರು. ಅವನು ತೆಳ್ಳಗಾಗಿದ್ದ. ಬೆರಳ ತುಂಬ ಡಾಂಬರು. ತಪ್ಪು ನನ್ನದು, ಮಾಫ್ ಮಾಡ್ರಿ ಎಂದು ನೆಲ ನೋಡುತ್ತ ಹೇಳಿದ. ಹತ್ತಿ ಕೀಳಲು ಹೋದ ದಿನವೇ ಗೊತ್ತಾಗಿತ್ತು, ಬರಲು ಮುಖ ಇರಲಿಲ್ಲ ಎಂದ.

ಅಂಜುಮಳ ನಗು ಹೋಗಿತ್ತು.

“ಎಲ್ಲಾರ ಮುಂದ ಅಂದೀರಿ,” ಎಂದಳು. “ಇಲ್ಲಿ ಬಾಗಲ ಮರಿಗೆ ನಿಂತ ಹೇಳಿದ್ರ ನಾ ಹೆಂಗ ತಗೊಳ್ಳಲಿ?”

ಅವನು ತಲೆಯಾಡಿಸಿ ಹೊರಟುಹೋದ. ಬಾಗಿಲಿನ ಉಳಿದ ಅಂಚನ್ನು ಗೈಬುಸಾಬನೇ ಹೆರೆದುಕೊಂಡ, ಬೈಯುತ್ತ.

*

ಆಮೇಲೆ ನಿಡೋಣಿ ಒಂದು ಹೊಸ ತಮಾಷೆ ಕಂಡಿತು. ಇಷ್ಟು ದಿನ ದೋಣಿ ತಾನಾಗಿ ಮುಳುಗುತ್ತಿತ್ತು. ಈಗ ಯುನುಸ ಅದನ್ನು ಕೆರೆಯ ಅಂಚಿಗೆ ಒಯ್ದು, ಒಳಗೆ ಕಲ್ಲು ಹೇರಿ, ಕೈಯಾರೆ ಮುಳುಗಿಸಿದ. ಹುಡುಗನ ತಲೆ ಕೆಟ್ಟಿದೆ, ಮದುವೆ ಮಾಡಿಬಿಡು ಎಂದು ಬುಡ್ಡೇಸಾಬ ಬೀಬಿಜಾನಳಿಗೆ ಹೇಳಿದ. ಕೊಲ್ಹಾರದ ಅಂಬಿಗನಿಗೆ ಫೋನ್ ಹೋಯಿತು. ಎಲ್ಲ ಕೇಳಿ ಅವನು ಬಹಳ ಹೊತ್ತು ನಕ್ಕನಂತೆ. ಹೊಸ ದೋಣಿ ಮೊದಲು ಹೊಟ್ಟೆತುಂಬ ನೀರು ಕುಡಿಯಬೇಕು, ಇದನ್ನೂ ಯಾರಾದರೂ ಹೇಳಿಕೊಡಬೇಕೇ ಎಂದ. ನದಿಯಲ್ಲೇ ಹುಟ್ಟಿ ಬೆಳೆದವನು. ದೋಣಿಯನ್ನು ಒಣಗಿಸುವವರೂ ಇರುತ್ತಾರೆಂದು ಅವನಿಗೆ ಹೊಳೆದಿರಲೇ ಇಲ್ಲ.

ಮಳೆ ಹೊಳವಾದ ಒಂದು ಬೆಳಿಗ್ಗೆ ಬೀಬಿಜಾನ ಗೈಬುಸಾಬನಿಗೆ ಫೋನ್ ಮಾಡಿ, ಮಗಳನ್ನು ಕರೆದುಕೊಂಡು ಬಾ ಎಂದಳು. ಸೋಲಾಪುರದವರು ಮರುದಿನ ಬರುವವರಿದ್ದರು. ಹೋಗುವುದೋ ಬೇಡವೋ ಎಂದು ತಂದೆ ಕೇಳಿದ. ಅಂಜುಮ ಉತ್ತರ ಕೊಡದೆ ಚಪ್ಪಲಿ ಹಾಕಿಕೊಂಡಳು.

ಕೆರೆಯ ದಂಡೆಯಲ್ಲಿ ಮತ್ತೆ ಅರ್ಧ ನಿಡೋಣಿ ನಿಂತಿತ್ತು. ಯುನುಸ ಕಲ್ಲು ತೆಗೆದು, ನೀರೆಲ್ಲ ಹೊರಗೆ ಚೆಲ್ಲಿ, ಹಗ್ಗ ಹಿಡಿದು ನಿಂತಿದ್ದ. ದೋಣಿ ಕಪ್ಪಗೆ, ತುಂಬಿಕೊಂಡು ತೇಲುತ್ತಿತ್ತು. ಒಳಗೆ ಒಂದು ಹನಿ ಏಳಲಿಲ್ಲ. ಬುಡ್ಡೇಸಾಬ ಬಗ್ಗಿ ಬಗ್ಗಿ ನೋಡಿ, ಸೋರುವ ಕಡೆ ಸಿಗದೆ, ಬೇಸರದಿಂದ ಎದ್ದು ನಿಂತ.

ಅಂಜುಮ ಹತ್ತಿರ ಬರುವವರೆಗೂ ಯುನುಸ ಕಾದ.

“ಕಾಕಾ,” ಎಂದ, ಎಲ್ಲರಿಗೂ ಕೇಳುವ ಹಾಗೆ. “ಅವತ್ತ ಇಲ್ಲೇ ನಿಂತು ಒಂದ ಮಾತ ಅಂದಿದ್ನಿ. ಸುಳ್ಳ ಅದು. ಹತ್ತಿ ತುಂಬಿದವರದೇನೂ ತಪ್ಪಿಲ್ಲ. ಕಟ್ಟಿಗಿ ನಂದು, ತಪ್ಪೂ ನಂದು. ನೀವು ನಕ್ಕದ್ದ ತಾಳಲಾರದ ಅವರ ಮ್ಯಾಲ ಹಾಕಿದ್ನಿ.”

ಯಾರೂ ನಗಲಿಲ್ಲ. ಬುಡ್ಡೇಸಾಬ ಕೆಮ್ಮಿ, ನಾನೇನು ಅಂಥದ್ದು ಅಂದಿದ್ದೆ ಎನ್ನುವಂತೆ ಅಕ್ಕಪಕ್ಕ ನೋಡಿದ.

ಅಂಜುಮ ಕಣ್ಣು ತುಂಬಿದ್ದನ್ನು ತೋರಿಸದೆ ಬೀಬಿಜಾನಳ ತೋಳು ಹಿಡಿದು ದೋಣಿಗೆ ಹತ್ತಿಸಿದಳು. ಮುದುಕಿ ಎರಡೂ ಅಂಚನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ ಕುಳಿತಳು. ಯುನುಸ ಹುಟ್ಟು ಹಾಕಿದ. ಆಚೆ ದಂಡೆಯಲ್ಲಿ ಸುರೈಯಾ ಕಾದಿದ್ದಳು. ಇಬ್ಬರೂ ಅಪ್ಪಿಕೊಂಡದ್ದು ಈಚೆಗೆ ಸಣ್ಣದಾಗಿ ಕಂಡಿತು. ಆಮೇಲೆ ಜಗಳದ ದನಿ ನೀರ ಮೇಲಿಂದ ತೇಲಿ ಬಂತು. ಇಷ್ಟು ದಿನ ಯಾಕೆ ಬರಲಿಲ್ಲವೆಂದು ಅಕ್ಕ ತಂಗಿಯನ್ನು ಬೈಯುತ್ತಿದ್ದಳು.

ಯುನುಸ ಖಾಲಿ ದೋಣಿಯಲ್ಲಿ ಮರಳಿ ಬಂದ. ಯಾರೂ ಕರೆಯದೆ ಅಂಜುಮ ಹತ್ತಿ ಕುಳಿತಳು. ಗೈಬುಸಾಬ ಮೋಡ ನೋಡುತ್ತ ನಿಂತ.

ದಂಡೆಯ ಮಾತು ಕೇಳಿಸದಷ್ಟು ದೂರ ಬಂದ ಮೇಲೆ ಯುನುಸ ಹುಟ್ಟನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಈ ಸಲ ಅವಳ ಕಡೆಗೇ ತಿರುಗಿ ಕುಳಿತಿದ್ದ.

“ಸೋಲಾಪುರದವರು ನಾಳೆ ಬರತಾರಂತಲ್ರಿ.”

“ಹೂಂ.”

“ಹುಡುಗ ಚೊಲೋ ಅದಾನಂತ.”

“ಅಂತಾರ.”

ಅವನು ಬೆರಳಿನ ಡಾಂಬರನ್ನು ಉಗುರಿನಿಂದ ಕೆರೆದ. ಹೋಗಲಿಲ್ಲ.

“ನನಗ ನೀವು ಬೇಕು,” ಎಂದ. “ಅಂಗಡ್ಯಾಗ ನನ್ನ ನೋಡಿ ನಕ್ಕಿರಲ್ಲ, ಅವತ್ತಿಂದ ಬೇಕು. ಖರೇ ಹೇಳಬೇಕಂದ್ರ ಅದಕ್ಕ ಅಂಜಿಕಿ. ಸಣ್ಣದೊಂದ ಅವಮಾನ ಆತು, ಬಾಯಿಗೆ ಮೊದಲ ಬಂದದ್ದು ನಿಮ್ಮ ಮ್ಯಾಲಿನ ಮಾತು. ಮುಂದ ಬಾಳೇದಾಗ ಇದಕ್ಕಿಂತ ದೊಡ್ಡವು ಬರತಾವು. ಆಗ ನಾ ಮತ್ತ ಹಂಗ ಮಾಡೂದಿಲ್ಲಂತ ಯಾವ ಧೈರ್ಯಾಲೆ ಹೇಳಲಿ?”

ಅಂಜುಮ ಅವನನ್ನು ನೋಡಿದಳು. ತಿಂಗಳುಗಟ್ಟಲೆ ಅವಳನ್ನು ನಿದ್ದೆಗೆಡಿಸಿದ ಪ್ರಶ್ನೆ ಅದೇ. ಅದನ್ನು ಅವನೇ ಹೊತ್ತು ತಂದು ಅವಳ ಮುಂದೆ ಇಟ್ಟಿದ್ದ. ಮುಚ್ಚಿಡಬಹುದಿತ್ತು. ಇವತ್ತು ಎಲ್ಲರ ಮುಂದೆ ಗೆದ್ದಿದ್ದ, ಗೆದ್ದವನಂತೆ ಕೇಳಬಹುದಿತ್ತು.

ಇವನು ಇನ್ನೊಮ್ಮೆ ತಪ್ಪಬಹುದು... ಆದರೆ ತಪ್ಪಿದ ಮೇಲೆ ಹೀಗೆ ಎದುರಿಗೆ ಬಂದು ಕೂರುತ್ತಾನೆ. ಅವಳಿಗೆ ಅಷ್ಟು ಸಾಕಿತ್ತು.

“ಅದಕ್ಕ ಹೇಳಾಕತ್ತೇನಿ,” ಎಂದ ಯುನುಸ. ಹುಟ್ಟನ್ನು ಕೈಗೆ ತೆಗೆದುಕೊಂಡಿದ್ದ. “ನೀವು ಮಾತ ಕೊಟ್ಟಿಲ್ಲ. ನಮ್ಮವ್ವಗ ನಾ ತಿಳಿಸಿ ಹೇಳತೇನಿ, ನಿಮ್ಮ ಮ್ಯಾಲ ಯಾರೂ ಏನೂ ಅನ್ನೂದಿಲ್ಲ. ಇಲ್ಲಿಂದ ದೋಣಿ ಹೊಳ್ಳಿಸಿ ನಿಮ್ಮಪ್ಪನ ಹತ್ರ ಬಿಡತೇನಿ. ಬಿಡಲಿ?”

“ಒಲ್ಲೆ,” ಎಂದಳು ಅಂಜುಮ.